ಹ್ರುಸ್ಕಾ ಮೇಷ್ಟ್ರ ಊಟದ ಅರ್ಧ ಗಂಟೆ

ಬೆಳಿಗ್ಗೆ ಏಳೂವರೆಗೆ ಸ್ಟಾಫ್ ರೂಮಿನ ತಮ್ಮ ಗೂಡಿಗೆ ಕೈ ಹಾಕಿದ ಹ್ರುಸ್ಕಾ ಮೇಷ್ಟ್ರಿಗೆ ಹಳದಿ ಚೀಟಿಯೊಂದು ಸಿಕ್ಕಿತು. ಈ ವಾರವೂ ಮಧ್ಯಾಹ್ನ ಕ್ಯಾಂಟೀನಿನ ಕಾವಲು ಅವರದೇ. ಸತತ ಏಳನೆಯ ವಾರ!

ಆರು ವಾರದಿಂದ ಅವರು ಕಸದ ತೊಟ್ಟಿಯ ಪಕ್ಕ ನಿಂತು, ಕೊಕ್ಕರೆ ಮೀನು ನುಂಗುವ ಹಾಗೆ ಸ್ಯಾಂಡ್‌ವಿಚ್ ನುಂಗುತ್ತಿದ್ದರು. ಅವರ ಆಸೆ ದೊಡ್ಡದೇನಲ್ಲ: ಕುರ್ಚಿಯ ಮೇಲೆ ಕೂತು, ಒಬ್ಬರೇ, ಶಾಲೆಯ ಕರಾರಿನಲ್ಲೇ ಬರೆದಿರುವ ಅರ್ಧ ಗಂಟೆ ಊಟ.

"ಯೂನಿಯನ್ ಪ್ರತಿನಿಧಿ ನೀವು. ನಿಮಗೇ ಹೀಗಾದ್ರೆ ನಮ್ ಗತಿ ಏನ್ರೀ?" ಎಂದರು ಲೆಕ್ಕದ ಮೇಷ್ಟ್ರು ಗಾರ್ಲಂಡ್, ಕಾಫಿ ಹೀರುತ್ತಾ. "ಹೋದ ವರ್ಷ ಜಗಳ ಆಡಿ ಕರಾರಿಗೆ ಒಂದು ಸಾಲು ಸೇರಿಸಿದ್ರಲ್ಲ, ಶಿಕ್ಷೆಗೆ ಕೂತ ಹುಡುಗರನ್ನ ಅವರವರ ಮೇಷ್ಟ್ರೇ ಕಾಯ್ಬೇಕು ಅಂತ? ನಾನಿನ್ನೂ ಅನುಭವಿಸ್ತಾ ಇದೀನಿ ಮಾರಾಯ್ರೆ."

"ನಿಮ್ ಕ್ಲಾಸಿನ ಪುಂಡರನ್ನ ನಾನ್ಯಾಕ್ರೀ ಕಾಯ್ಲಿ?" ಹ್ರುಸ್ಕಾ ಮೇಷ್ಟ್ರು ಒಗ್ಗರಣೆಯ ಸಾಸಿವೆಯಂತೆ ಸಿಡಿದು ಹೊರಟೇಬಿಟ್ಟರು.

ಆ ಸಿಟ್ಟು ಊಟದ ಹಿಂದಿನ ಪಾಠದ ಹೊತ್ತಿಗೆ ಹದವಾಗಿ ಕುದಿದಿತ್ತು. ಹನ್ನೊಂದನೆಯ ತರಗತಿಯ ಇಪ್ಪತ್ತಮೂರು ಮಕ್ಕಳಿಗೆ ಅಂದು ಇತಿಹಾಸದ ಚರ್ಚೆ. ದಿನಕ್ಕೆ ಎಂಟೇ ಗಂಟೆ ದುಡಿತ ಎಂದು ಶಿಕಾಗೋದ ಕಾರ್ಮಿಕರು ಎದ್ದ ೧೮೮೬ರ ಮೇ ತಿಂಗಳು. ಅಲ್ಲಿನ ಹೇಮಾರ್ಕೆಟ್ ಚೌಕದ ಸಭೆಯಲ್ಲಿ ಬಾಂಬು ಬಿತ್ತು, ಎಂಟು ಜನರ ಮೇಲೆ ಮೊಕದ್ದಮೆ ನಡೆದು ನಾಲ್ವರು ನೇಣಿಗೇರಿದರು. ಅದು ನ್ಯಾಯವೋ, ಸೇಡೋ?

ಚೀಟಿ ಎತ್ತಿದಾಗ ಮಾಲೀಕರ ಪಕ್ಷ ಕರ್ಟಿಸ್ ಬ್ಲೆವಿನ್ಸ್‌ಗೆ ಬಂದಿತ್ತು. "ಊರೆಲ್ಲಾ ಬೆಂಕಿ ಹಚ್ಚೋ ಮಾತಾಡಿದ್ರು ಸಾರ್. ಪೊಲೀಸ್ರು ಸತ್ರು. ಯಾರನ್ನಾದ್ರೂ ಹಿಡೀಲೇಬೇಕಿತ್ತು."

"ಯಾರನ್ನಾದ್ರೂ? ಅಷ್ಟೇನಾ ನಿನ್ನ ನ್ಯಾಯ?" ಮರಿಸೋಲ್ ಒಬಾಂಡೊ ಎದ್ದೇಬಿಟ್ಟಳು. "ಬಾಂಬ್ ಎಸೆದೋನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ ಕಣೋ! ಅವರನ್ನ ನೇಣಿಗೆ ಹಾಕಿದ್ದು ಮಾತಾಡಿದ್ದಕ್ಕೆ!"

"ಆ ದುಡಿತ ಇಷ್ಟ ಇಲ್ದಿದ್ರೆ ಕೆಲಸ ಬಿಡಬೇಕಿತ್ತು," ಎಂದ ಕರ್ಟಿಸ್.

ಮೇಷ್ಟ್ರು ಮೇಜು ಕುಟ್ಟಿದರು. "ಬಿಡೋದಂತೆ! ಯಾಕಪ್ಪಾ ಬಿಡ್ಬೇಕು? ಬರೆದು ಕೊಟ್ಟ ಹಕ್ಕನ್ನ ಕಿತ್ಕೊಂಡೋರು ಬಿಡ್ಲಿ! ಆರು ವಾರ ಆಯ್ತು ನಾನು ಕೂತು ಊಟ ಮಾಡಿ!"



"ಅದಕ್ಕೇನಾ ಸಾರ್ ನೀವು ಕಸದ ಡಬ್ಬಿ ಪಕ್ಕ ನಿಂತ್ಕೊಂಡು ತಿನ್ನೋದು?" ಎಂದಳು ಮರಿಸೋಲ್. "ನಾವೆಲ್ಲ ನಿಮಗೆ ಅದೇ ಜಾಗ ಇಷ್ಟ ಅಂದ್ಕೊಂಡಿದ್ವಿ."

ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ.

"ನಿಮಗೆ ಊಟದ ಹೊತ್ತು ಸಿಗೋ ತನಕ ನಾವು ಇಲ್ಲೇ ಕೂರ್ತೀವಿ ಸಾರ್," ಎಂದಳು ಅವಳು. ಕರ್ಟಿಸ್ ಕೂಡ ಮಾಲೀಕರನ್ನು ಬಿಟ್ಟು ಇತ್ತ ಬಂದ.

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಎದೆಯುಬ್ಬಿಸಿ ಡ್ರಾಯರಿನಿಂದ ಸ್ಯಾಂಡ್‌ವಿಚ್ ತೆಗೆದು ಬಾಗಿಲಿಗೆ ಹೊರಟವರು ಹೊಸ್ತಿಲಲ್ಲೇ ನಿಂತರು. ಮಕ್ಕಳಿರುವ ಕೋಣೆ ಬಿಟ್ಟು ಮೇಷ್ಟ್ರು ಹೋಗುವಂತಿಲ್ಲ. ಶಾಲೆಯ ಮೊದಲ ನಿಯಮವೇ ಅದು. ತಿರುಗಿ ಬಂದು ಮೇಜಿನ ಬಳಿ ನಿಂತೇ ಪೊಟ್ಟಣ ಬಿಚ್ಚಿದರು. ಇಪ್ಪತ್ತಮೂರು ಜೋಡಿ ಹಸಿದ ಕಣ್ಣುಗಳು ಪೊಟ್ಟಣದ ಮೇಲೆ ಬಿದ್ದವು. ಮತ್ತೆ ಮಡಿಚಿಟ್ಟರು.

"ಏಳ್ರಪ್ಪಾ, ನಿಮ್ಮ ಪ್ರೀತಿ ಸಾಕು. ಹೋಗಿ ತಿನ್ನಿ."

"ಇಲ್ಲ ಸಾರ್! ಬಗ್ಗಬೇಡಿ ಸಾರ್!"

ಗಾರ್ಲಂಡ್ ಬಾಗಿಲಲ್ಲಿ ಇಣುಕಿದರು. "ಏನ್ರೀ ಇದು, ದಂಗೆನಾ? ತಾಳಿ, ಸಹಾಯ ಮಾಡ್ತೀನಿ," ಎಂದವರೇ ನೆಟ್ಟಗೆ ಪ್ರಿನ್ಸಿಪಾಲರಿಗೆ ಸುದ್ದಿ ಮುಟ್ಟಿಸಿದರು.

ಪ್ರಿನ್ಸಿಪಾಲ್ ಟಟಲ್ ಮೇಡಂ ಬರುವಷ್ಟರಲ್ಲಿ ಊಟದ ಹೊತ್ತು ಮುಗಿದು ಮುಂದಿನ ಪಾಠದ ಗಂಟೆಯೂ ಹೊಡೆದಿತ್ತು. ಕಾವಲಿಲ್ಲದ ಕ್ಯಾಂಟೀನಿನಲ್ಲಿ ಮಹಾಯುದ್ಧ ನಡೆದಿತ್ತೆಂಬುದಕ್ಕೆ ಅವರ ಬಿಳಿ ಕೋಟಿನ ಮೇಲಿನ ಟೊಮ್ಯಾಟೊ ಸಾಸೇ ಸಾಕ್ಷಿ.

"ಯಾರ್ರೀ ಇವರಿಗೆ ಇದನ್ನೆಲ್ಲ ಹೇಳ್ಕೊಟ್ಟಿದ್ದು?"

"ನೀವೇ ಮಂಜೂರು ಮಾಡಿದ ಪಠ್ಯಪುಸ್ತಕ, ಮೇಡಂ," ಎಂದರು ಮೇಷ್ಟ್ರು ಹಲ್ಲು ಕಚ್ಚಿ. "ಕರಾರಿನ ಹತ್ತೊಂಬತ್ತನೇ ಪುಟ ಓದಿ. ಅರ್ಧ ಗಂಟೆ ಊಟ, ಯಾವ ಕೆಲಸವೂ ಇಲ್ದೆ!"

ಮೇಡಂ ಕರಾರು ತರಿಸಿ ನಿಂತಲ್ಲೇ ಓದಿದರು. ಓದುತ್ತಾ ಓದುತ್ತಾ ಮುಖದ ಕೆಂಪು ಇಳಿಯಿತು. "ಸರಿ. ತಪ್ಪು ನನ್ನದೇ. ನಾಳೆಯಿಂದ ನಿಮಗೆ ಕ್ಯಾಂಟೀನ್ ಕಾವಲಿಲ್ಲ."

ತರಗತಿ ಚಪ್ಪಾಳೆಯಲ್ಲಿ ಮುಳುಗಿತು. ಕರ್ಟಿಸ್ ಬೆಂಚು ಹತ್ತಿದ. ಮೇಷ್ಟ್ರು ಗೆದ್ದ ಜಟ್ಟಿಯಂತೆ ಕೈ ಎತ್ತಿದರು.

"ಇರಿ, ಪುಟ ತಿರುಗಿಸ್ತೀನಿ," ಎಂದರು ಮೇಡಂ. "ಪಾಠಕ್ಕೆ ಹೋಗದೆ ಕೂತಿದ್ದಕ್ಕೆ ಇವರಿಗೆಲ್ಲ ಎರಡು ವಾರ ಊಟದ ಹೊತ್ತಲ್ಲಿ ಶಿಕ್ಷೆ. ಇದೇ ಕೋಣೇಲಿ ಕೂತು ತಿನ್ಲಿ. ಕಾಯೋದು ಅವರವರ ಮೇಷ್ಟ್ರು. ಈ ಸಾಲು ಹಾಕಿಸಿದ್ದು ನೀವೇ ಅಲ್ವಾ, ಹ್ರುಸ್ಕಾ?"

ಬಾಗಿಲ ಹೊರಗೆ ಗಾರ್ಲಂಡ್ ಕೆಮ್ಮಿದರು. ಅದು ಕೆಮ್ಮಿನಂತೆ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಹ್ರುಸ್ಕಾ ಮೇಷ್ಟ್ರು ಆರು ವಾರಗಳಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತು ಸ್ಯಾಂಡ್‌ವಿಚ್ ಬಿಚ್ಚಿದರು. ಮೊದಲ ತುತ್ತು ಬಾಯಿಗೆ ಹೋಗುವುದರೊಳಗೆ ಹಿಂದಿನ ಬೆಂಚಿನಲ್ಲಿ ಹಾಲಿನ ಡಬ್ಬಿಯೊಂದು ಹಾರಿತು. ಬೈಯಲು ಎದ್ದರು. ಅವರು ನಿಂತೇ ತುತ್ತು ನುಂಗುವುದನ್ನು ಕಂಡು ಮರಿಸೋಲ್ ಕೈ ಎತ್ತಿದಳು.

"ಸಾರ್, ಇದೂ ಅನ್ಯಾಯವೇ. ನಿಮಗೋಸ್ಕರ ಮತ್ತೆ ಧರಣಿ ಕೂರೋಣ್ವಾ?"

"ಬೇಡಮ್ಮಾ ತಾಯಿ!" ಎಂದು ಮೇಷ್ಟ್ರು ಕೈ ಮುಗಿದರು. ಉಳಿದ ಸ್ಯಾಂಡ್‌ವಿಚ್ ಆ ಕೈಗಳ ನಡುವೆ ಅಪ್ಪಚ್ಚಿಯಾಯಿತು.