ಎತ್ತಿನ ರಜೆಯಲ್ಲಿ ಬೆಂಗಳೂರು ನೋಡಿದ್ದು

ಬೆಂಗಳೂರನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದು ಎಂದು ನಾನು ಘೋಷಿಸಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಆಗ ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು, ಎದುರಿಗೆ ಹೆಂಡತಿಯಿದ್ದಳು, ತಲೆಯಲ್ಲಿ ಅನುಮಾನ ಎಂಬುದು ಎಳ್ಳಷ್ಟೂ ಇರಲಿಲ್ಲ. ಕುಷ್ಟಗಿಯ ಹತ್ತಿರದ ಹಳ್ಳಿಯಲ್ಲಿ ಜೋಳ, ತೊಗರಿ ಬೆಳೆಯುವವನು ನಾನು. ಯಾವಾಗ ಬಿತ್ತಬೇಕು, ಯಾವಾಗ ಎಡೆ ಹೊಡೆದು ಕಳೆ ತೆಗೆಯಬೇಕು ಎಂದು ವರ್ಷಪೂರ್ತಿ ಯೋಜನೆ ಹಾಕುವವನಿಗೆ ಒಂದು ಊರು ಯಾವ ಲೆಕ್ಕ!

ವಿಷಯ ಶುರುವಾದದ್ದು ಹೆಂಡತಿ ಶಾಂತವ್ವನಿಂದ. ಅವಳು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಪ್ರತಿ ಚಳಿಗಾಲದಲ್ಲಿ ದೊಡ್ಡ ತರಗತಿಯ ಮಕ್ಕಳು ಮೂರು ದಿನ ಬೆಂಗಳೂರಿನ ಕಡೆ ಪ್ರವಾಸ ಹೋಗುತ್ತಾರೆ. ಉಳಿದ ಮಕ್ಕಳಿಗೆ ಊಟ ಹಾಕಬೇಕಾದ್ದರಿಂದ ಇವಳು ಊರಲ್ಲೇ ಉಳಿಯುತ್ತಾಳೆ. ಹೋಗಿ ಬಂದ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಅವರ ಬಾಯಲ್ಲಿ ಒಂದೇ ಮಾತು: ತಾರಾಲಯ. ಹಾಡುಹಗಲೇ ಕತ್ತಲೆ ಮಾಡಿ ಛಾವಣಿಯ ತುಂಬ ಚುಕ್ಕಿ ತೋರಿಸುತ್ತಾರಂತೆ. ಕುರ್ಚಿಗೆ ಒರಗಿಕೊಂಡು ನೋಡಬೇಕಂತೆ. ಸೌಟು ಹಿಡಿದು ಹತ್ತು ವರ್ಷ ಇದನ್ನೇ ಕೇಳಿದವಳು ಅಂದು ಬಾಯಿಬಿಟ್ಟು ಕೇಳಿದಳು.

"ನನಗ ಮತ್ತೇನೂ ಬ್ಯಾಡ್ರಿ. ಆ ಚುಕ್ಕಿ ಮನಿ ಒಂದು ತೋರಸ್ರಿ, ಸಾಕು."

"ಒಂದು ಚುಕ್ಕಿ ಮನಿ ಸಲುವಾಗಿ ಬೆಂಗಳೂರಿಗೆ ಹೋಗ್ತಾರೇನು? ಹೊಂಟ ಮ್ಯಾಲ ಪೂರಾ ಊರು ನೋಡಿ ಬರೋದ!" ಎಂದೆ.

ಅಲ್ಲಿಗೆ ಪ್ರವಾಸದ ಸಂಪೂರ್ಣ ಆಡಳಿತ ನನ್ನ ಕೈಗೆ ಬಂತು. ಹೊಸ ನೋಟುಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ತಯಾರಿಸಿದೆ. ಒಟ್ಟು ಹತ್ತು ಸ್ಥಳಗಳು. ಮೊಬೈಲಿನ ನಕಾಶೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ನೋಡಿ, ಕುಷ್ಟಗಿ ರಸ್ತೆಯಲ್ಲಿ ನನ್ನ ಮೋಟಾರ್ ಸೈಕಲ್ ಓಡುವ ವೇಗದಲ್ಲಿ ಸಮಯ ಗೊತ್ತುಮಾಡಿದೆ. ವಿಧಾನಸೌಧಕ್ಕೆ ಹದಿನೈದು ನಿಮಿಷ. ಕಬ್ಬನ್ ಪಾರ್ಕಿಗೆ ಇಪ್ಪತ್ತು. ಶಾಂತವ್ವನ ಚುಕ್ಕಿ ಮನೆ ಒಂಬತ್ತನೆಯ ನಂಬರಿಗೆ ಬಂತು, ಮಧ್ಯಾಹ್ನ ಮೂರೂವರೆಗೆ. ಪಟ್ಟಿಯ ಕೆಳಗೆ 'ತಿದ್ದುಪಡಿಗೆ ಅವಕಾಶವಿಲ್ಲ' ಎಂದು ಬರೆದು ಸಹಿ ಮಾಡಿದೆ.

ಇನ್ನು ಉಳಿದದ್ದು ದಿನ. ಶಾಲೆಗೆ ರಜೆ ಇರುವ ಆದಿತ್ಯವಾರ ಹೋಗೋಣ ಎಂದು ಅವಳು. ಎಡೆ ಹೊಡೆಯುವ ಕಾಲದಲ್ಲಿ ಆದಿತ್ಯವಾರ ಬಿಟ್ಟರೆ ಹೊಲದ ಗತಿಯೇನು ಎಂದು ನಾನು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ, ಎತ್ತುಗಳಿಗೆ ರಜೆ. ಎತ್ತಿಗೆ ರಜೆ ಎಂದರೆ ನನಗೂ ರಜೆ. ಆದ್ದರಿಂದ ಸೋಮವಾರವೇ ಹೋಗತಕ್ಕದ್ದು ಎಂದು ತೀರ್ಪು ಕೊಟ್ಟೆ. ಪಾಪ, ಅವಳು ಹೆಡ್‌ಮಾಸ್ತರರ ಮುಂದೆ ಮೂರು ಸಲ ನಿಂತು ಒಂದು ದಿನದ ಬಿಡುವು ಕೇಳಿ ತಂದಳು. ಪಕ್ಕದ ಮನೆಯ ಟೇಲರ್ ಹುಸೇನಸಾಬನ ಹೆಂಡತಿ ಆ ಒಂದು ದಿನದ ಮಟ್ಟಿಗೆ ಶಾಲೆಯ ಅಡುಗೆಗೆ ಒಪ್ಪಿಕೊಂಡಳು. ಎತ್ತುಗಳಿಗೆ ಮೇವು, ನೀರು ನೋಡುವುದು ಹುಸೇನಸಾಬನ ಪಾಲಿಗೆ ಬಂತು.

ಹುಸೇನಸಾಬ ಒಂದು ಮಾತು ಹೇಳಿದ್ದ. "ಸೋಮವಾರ ಅಲ್ಲಿ ಏನರ ಬಂದ್ ಇರತೈತೇನೋ, ಒಂದು ಸಲ ಕೇಳಿ ನೋಡು ಮಾರಾಯಾ."

ನಾನು ನಕ್ಕುಬಿಟ್ಟೆ. "ಬೆಂಗಳೂರಾಗ ಎತ್ತು ಎಲ್ಲಿ ಅದಾವೋ ಸೋಮವಾರ ರಜಾ ಕೊಡಾಕ!"

ಆದಿತ್ಯವಾರ ರಾತ್ರಿ ಹತ್ತಿದ ಬಸ್ಸು ಸೋಮವಾರ ಬೆಳಿಗ್ಗೆ ಆರಕ್ಕೆ ತಲುಪಬೇಕಿದ್ದದ್ದು ಎಂಟಕ್ಕೆ ತಲುಪಿತು. ಪಟ್ಟಿಯ ಮೊದಲೆರಡು ಸ್ಥಳಗಳು ಬಸ್ಸಿನಲ್ಲೇ ಮುಗಿದುಹೋದವು. ಗಾಬರಿಯಾಗಲಿಲ್ಲ. ಮೆಟ್ರೊ ಹತ್ತಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಒಳಗೆ ಬಿಡುವ ಮೊದಲು ಚೀಲಗಳನ್ನು ಯಂತ್ರದೊಳಗೆ ತೂರಿಸಿದರು. ನಮ್ಮ ಬುತ್ತಿ ಗಂಟು ಆ ಕಡೆ ಹೊರಬಂದಾಗ ಅಲ್ಲಿದ್ದ ಹೆಣ್ಣುಮಗಳು ತೆರೆಯ ಮೇಲೆ ಕಣ್ಣು ನೆಟ್ಟು, "ಒಳಗೆ ರೌಂಡಾಗಿ ಕಾಣ್ತಿದೆ, ಏನಿದು?" ಎಂದಳು.

"ಇಪ್ಪತ್ತೆರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ," ಎಂದಳು ಶಾಂತವ್ವ. "ತಿಂತಿಯೇನವಾ?"

ರೈಲು ಬಂತು. ಹತ್ತಿದೆವು. ಆರು ನಿಲ್ದಾಣ ಕಳೆದರೂ ವಿಧಾನಸೌಧದ ಹೆಸರಿಲ್ಲ! ಪಕ್ಕದಲ್ಲಿ ನಿಂತವರನ್ನು ಕೇಳಿದರೆ, ನಾವು ಹೋಗುತ್ತಿದ್ದುದು ಮೈಸೂರು ರಸ್ತೆಯ ಕಡೆಗೆ ಎಂದು ತಿಳಿಯಿತು. ಇಳಿದು, ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದು ಆ ಕಡೆಯ ಪ್ಲಾಟ್‌ಫಾರ್ಮಿಗೆ ಬಂದೆವು. ಅಂತೂ ವಿಧಾನಸೌಧ ಕಂಡಾಗ ಹತ್ತೂಕಾಲು. ಬೇಲಿಯ ಹೊರಗೆ ನಿಂತು ನೋಡಿದೆವು. ಶಾಂತವ್ವ ಇನ್ನೂ ಕಂಬ ಎಣಿಸುತ್ತಿದ್ದಳು. "ಟೈಮ್ ಆತು, ನಡಿ," ಎಂದು ಎಳೆದುಕೊಂಡು ಹೊರಟೆ.

ಮುಂದಿನದು ವಸ್ತುಸಂಗ್ರಹಾಲಯ. ಗೇಟಿಗೆ ಬೀಗ!

"ರಿಪೇರಿ ನಡೆದಿರಬೇಕು," ಎಂದೆ.

ಅದರ ಮುಂದಿನದು ಚಿತ್ರಶಾಲೆ. ಅದಕ್ಕೂ ಬೀಗ! "ಬಣ್ಣ ಹಚ್ಚಾಕ ಹತ್ತಿರಬೇಕು," ಎಂದೆ. ಕಬ್ಬನ್ ಪಾರ್ಕಿನ ಮಕ್ಕಳ ಪುಟಾಣಿ ರೈಲಿನ ಕಡೆ ನಡೆದೆವು. ಹಳಿ ಇದ್ದವು. ರೈಲು ಓಡುತ್ತಿರಲಿಲ್ಲ, ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ನನಗೆ ನಿಜಕ್ಕೂ ತಲೆ ಕೆಟ್ಟಿತು. ಒಂದು ಬೀಗವಾದರೆ ರಿಪೇರಿ, ಎರಡಾದರೆ ಬಣ್ಣ. ಮೂರಕ್ಕೆ ಮೂರೂ ಬಂದ್ ಎಂದರೆ ಏನರ್ಥ?

"ಚುಕ್ಕಿ ಮನಿಗರ ಮೊದಲ ಹೋಗೋಣ್ರಿ," ಎಂದಳು ಶಾಂತವ್ವ.

"ಅದು ಮೂರೂವರೆಗೆ. ಪಟ್ಟಿ ಮೀರಿದ್ರ ಎಲ್ಲಾ ಕೆಡತೈತಿ!"

ಕೆಡಲು ಇನ್ನೇನು ಉಳಿದಿದೆ ಎಂದು ಅವಳು ಕೇಳಲಿಲ್ಲ. ಅದು ಅವಳ ದೊಡ್ಡ ಗುಣ.

ಆಗ ನನಗೆ ಥಟ್ಟನೆ ಹೊಳೆಯಿತು. ಯಾರೋ ದೊಡ್ಡವರು ತೀರಿಕೊಂಡಿದ್ದಾರೆ! ಇಲ್ಲದಿದ್ದರೆ ಸರ್ಕಾರದ ಕಟ್ಟಡಗಳೆಲ್ಲ ಹೀಗೆ ಒಟ್ಟಿಗೆ ಬಂದಾಗುವುದುಂಟೆ? ಮುಖದ ಮೇಲೆ ತಕ್ಕಷ್ಟು ದುಃಖ ತಂದುಕೊಂಡು, ದಾರಿಯಲ್ಲಿದ್ದ ಪೊಲೀಸಪ್ಪನ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದೆ.

"ಸಾಹೇಬ್ರ, ಯಾರು ಹೋದ್ರು?"

"ಎಲ್ಲಿಗೆ?"

"ಅಲ್ರಿ, ಯಾರು ತೀರಿಕೊಂಡ್ರು?"

"ನಿಮ್ಮವರಾ? ಆಸ್ಪತ್ರೆ ಯಾವುದು ಹೇಳಿ," ಎಂದರು ಅವರು ಗಾಬರಿಯಿಂದ.

"ನಮ್ಮವರಲ್ರಿ. ಎಲ್ಲಾರಿಗೂ ಸೇರಿದವರು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ತಲೆಯ ಮೇಲಿನ ಬುತ್ತಿ ಗಂಟನ್ನೂ ನೋಡಿದರು. "ಬಿಸಿಲು ಜಾಸ್ತಿ ಇದೆ. ಮೊದಲು ನೆರಳಲ್ಲಿ ಕೂತು ನೀರು ಕುಡೀರಿ," ಎಂದರು. ಪಾಪ, ಅವರಿಗೂ ಸುದ್ದಿ ಮುಟ್ಟಿಲ್ಲ ಎಂದುಕೊಂಡೆ!

ಕೊನೆಗೆ ಹುಸೇನಸಾಬನಿಗೆ ಫೋನ್ ಹಚ್ಚಿದೆ. "ಟೀವಿ ಹಚ್ಚಿ ನೋಡಪಾ, ದೊಡ್ಡವರು ಯಾರರ ತೀರಿಕೊಂಡಾರೇನು? ಇಲ್ಲಿ ಎಲ್ಲಾ ಬಂದ್ ಐತಿ."

"ಕರೆಂಟ್ ಇಲ್ಲ ಮಾರಾಯಾ. ತಡಿ, ಯಾರನ್ನರ ಕೇಳ್ತೀನಿ," ಎಂದ.

ಅವನು ಕೇಳಿದ. ಅದೇ ತಪ್ಪಾದದ್ದು. ಚಹಾದಂಗಡಿಯಲ್ಲಿ 'ಯಾರರ ತೀರಿಕೊಂಡಾರೇನು' ಎಂದಿದ್ದ ಮಾತು ಪಂಚಾಯ್ತಿ ಕಟ್ಟೆಗೆ ಬರುವಷ್ಟರಲ್ಲಿ 'ತೀರಿಕೊಂಡಾರಂತ' ಎಂದಾಯಿತು. ಯಾರು ಎಂಬುದಷ್ಟೇ ಬಾಕಿ. ಶಾಲೆಯ ಕಂಪೌಂಡ್ ದಾಟುವ ಹೊತ್ತಿಗೆ 'ರಜಾ' ಎಂದಾಗಿತ್ತು. ಆ ಮಾತಿಗೆ ಪುರಾವೆ ಕೇಳುವ ಮಗು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಇದಾವುದರ ಅರಿವಿಲ್ಲದ ನಾವು ಆಟೋ ಹಿಡಿದು ಸರಿಯಾಗಿ ಮೂರೂವರೆಗೆ ತಾರಾಲಯದ ಮುಂದೆ ಇಳಿದೆವು. ಇಡೀ ದಿನದಲ್ಲಿ ನನ್ನ ಪಟ್ಟಿಯ ಪ್ರಕಾರ ನಡೆದದ್ದು ಇದೊಂದೇ! ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡು, ತಲೆಗೂದಲು ಸರಿಮಾಡಿಕೊಂಡಳು. ಗೇಟಿನ ಆಚೆ ದುಂಡನೆಯ ಛಾವಣಿ ಕಾಣುತ್ತಿತ್ತು. ಗೇಟು ಮುಚ್ಚಿತ್ತು.

"ಇವತ್ತು ಕ್ಲೋಸು," ಎಂದ ಕಾವಲುಗಾರ.

"ನಮಗೂ ಗೊತ್ತೈತ್ರಿ, ಭಾಳ ದುಃಖದ ಸುದ್ದಿ," ಎಂದೆ. "ಆದ್ರ ನಾವು ದೂರದಿಂದ ಬಂದೀವಿ. ಕುಷ್ಟಗಿ ಕಡಿಯವ್ರು."

ಅವನ ಮುಖ ಅರಳಿತು. "ಹೌದೇನ್ರಿ! ನಾ ಯಲಬುರ್ಗಿಯಾಂವ. ಅಲ್ಲ, ದುಃಖದ ಸುದ್ದಿ ಎಂತಾದ್ರಿ? ಪ್ರತಿ ಸೋಮವಾರ ಬಂದ್ ಇರತೈತಿ. ಊರಾಗ ಸೋಮವಾರ ಎತ್ತಿಗೆ ರಜಾ, ಇಲ್ಲಿ ಚುಕ್ಕಿಗೆ ರಜಾ ನೋಡ್ರಿ!"

ನಾನು ಫುಟ್‌ಪಾತಿನ ಮೇಲೆ ಕುಕ್ಕರುಬಡಿದೆ. ಅಂದರೆ ಯಾರೂ ಸತ್ತಿಲ್ಲ! ರಿಪೇರಿಯೂ ಇಲ್ಲ, ಬಣ್ಣವೂ ಇಲ್ಲ. ವಾರದ ಏಳು ದಿನಗಳಲ್ಲಿ ಬರಬಾರದ ಒಂದೇ ಒಂದು ದಿನವನ್ನು ಹುಡುಕಿ, ವಾದ ಮಾಡಿ, ಸಹಿ ಮಾಡಿ ತಂದವನು ನಾನು.

ಶಾಂತವ್ವ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಗೇಟಿನ ಸರಳು ಹಿಡಿದು ಆ ದುಂಡನೆಯ ಛಾವಣಿಯನ್ನೇ ನೋಡುತ್ತ ನಿಂತಳು. ನನಗೆ ನಾಚಿಕೆಯಾಯಿತು, ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. "ಇಲ್ಲೇ ಉಳಿದು ನಾಳೆ ನೋಡಿ ಹೋಗೋಣ," ಎಂದೆ ಮೆಲ್ಲಗೆ.

"ನನಗ ಬಿಡುವು ಕೊಟ್ಟಿದ್ದು ಒಂದ ದಿನ ರೀ," ಎಂದಳು. ಆಮೇಲೆ ಕಾವಲುಗಾರನನ್ನು ಕೇಳಿದಳು, "ನೀ ಒಳಗ ನೋಡಿಯೇನಪಾ?"

"ಇಲ್ಲಬೇ. ನನ್ನ ಡ್ಯೂಟಿ ಇಲ್ಲಿ ಸೋಮವಾರ ಅಷ್ಟ."

ಅವಳು ಬುತ್ತಿ ಬಿಚ್ಚಿ ಅವನಿಗೆ ರೊಟ್ಟಿ, ಚಟ್ನಿ ಕೊಟ್ಟಳು. ನನಗೂ ಕೊಟ್ಟಳು. ಮೂವರೂ ಮುಚ್ಚಿದ ಗೇಟಿನ ಮುಂದೆ ಕುಳಿತು ತಿನ್ನುತ್ತಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ಹೆಡ್‌ಮಾಸ್ತರರು!

"ಯಾರು ಸತ್ತಾರ್ರಿ? ಅರ್ಧ ಮಕ್ಕಳು ಪಾಟಿಚೀಲ ಹೊತಗೊಂಡು ಓಡಿಹೋಗ್ಯಾವು! ಮ್ಯಾಲಿನವರು ಕೇಳಿದ್ರ ನಾ ಯಾರ ಹೆಸರು ಹೇಳ್ಲಿ?"

ಶಾಂತವ್ವ ಫೋನ್ ಕಸಿದುಕೊಂಡಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಆ ದನಿ ನಾನು ಕೇಳಿರಲಿಲ್ಲ.

"ಸರ್, ಯಾರೂ ಸತ್ತಿಲ್ಲ. ನಮ್ಮ ಮನ್ಯಾರ ಬುದ್ಧಿ ಒಂದು ಕೆಟ್ಟೈತಿ. ಒಂದು ಮಾತು ಕೇಳ್ರಿ. ಈ ಸಲ ಮಕ್ಕಳ ಜೋಡಿ ಪ್ರವಾಸಕ್ಕ ನಾನೂ ಬರಾಕಿ. ಅಡಗಿ? ಮೂರು ದಿನ ಇವರು ಮಾಡ್ತಾರ!"

ಬೇಡ ಎನ್ನುವ ಯೋಗ್ಯತೆ ನನಗೆ ಆಗ ಎಲ್ಲಿತ್ತು? ಬಾಯಲ್ಲಿದ್ದ ರೊಟ್ಟಿಯ ಸಮೇತ ತಲೆಯಾಡಿಸಿದೆ.

ಚಳಿಗಾಲ ಬಂತು. ಶಾಂತವ್ವ ಹೊಸ ಸೀರೆಯುಟ್ಟು ಮಕ್ಕಳ ಬಸ್ಸು ಹತ್ತಿದಳು. ನಾನು ಶಾಲೆಯ ಅಡುಗೆಮನೆ ಹೊಕ್ಕೆ. ನೋಟುಬುಕ್ಕಿನಲ್ಲಿ ಗೆರೆ ಎಳೆದು, ಯಾವಾಗ ಬೇಳೆ, ಯಾವಾಗ ಅಕ್ಕಿ ಎಂದು ಪಟ್ಟಿ ಮಾಡಿದ್ದೆ. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ಅನ್ನ ಬೇಯಲೇ ಇಲ್ಲ. ಸಾರಿನ ವಿಷಯ ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಸೂಕ್ಷ್ಮ ಹೃದಯದವರು ಇರಬಹುದು. ಮೂರನೆಯ ದಿನ ಮಕ್ಕಳೆಲ್ಲ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಂದರು. ಹೆಡ್‌ಮಾಸ್ತರರೂ ತಂದಿದ್ದರು!

ನಾಲ್ಕನೆಯ ದಿನ ಬೆಳಿಗ್ಗೆ ಶಾಂತವ್ವ ಮರಳಿ ಬಂದಳು.

"ನೋಡಿದಿ?" ಎಂದೆ.

"ನೋಡಿದೆ ರೀ." ಕಟ್ಟೆಯ ಮೇಲೆ ಕುಳಿತಳು. "ಕುರ್ಚಿ ಹಿಂದಕ್ಕ ವಾಲ್ತೈತಿ. ಕತ್ತಲಾಗತೈತಿ. ಆಮ್ಯಾಲ ಎಷ್ಟ ಚುಕ್ಕಿ ಅಂತೀರಿ! ನನಗ ಅಳುನ ಬಂತು. ಬಾಜೂ ಕುರ್ಚಿ ಖಾಲಿ ಇತ್ತು. ನೀವಿದ್ರ ಛಲೋ ಇತ್ತು ಅನಿಸ್ತು."

ಅವಳು ಇಷ್ಟು ಖುಷಿಯಾಗಿ ಮಾತಾಡಿದ್ದನ್ನು ನೋಡಿ ನನಗಾದ ಸಂತೋಷಕ್ಕೆ ಯಾವ ಪಟ್ಟಿಯೂ ಸಾಲದು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಿಗೇ ಬಂದರು. "ಶಾಂತವ್ವ, ವರ್ಷಾ ವರ್ಷಾ ನೀವು ಪ್ರವಾಸಕ್ಕ ಹೋಗ್ರಿ, ನಮ್ಮದೇನೂ ತಕರಾರಿಲ್ಲ. ಇವರನ್ನ ಮಾತ್ರ ಅಡಗಿಮನಿಗೆ ಕಳಸಬ್ಯಾಡ್ರಿ. ಆ ಮೂರು ದಿನ ನಾನ ಸಾಲಿಗೆ ರಜಾ ಕೊಡ್ತೀನಿ," ಎಂದು ಕೈಮುಗಿದರು.

ಒಬ್ಬ ಮನುಷ್ಯನ ಹೆಸರಿನಲ್ಲಿ ಶಾಲೆಗೆ ರಜೆ ಕೊಡಬೇಕಾದರೆ ಸಾಮಾನ್ಯವಾಗಿ ಅವನು ಸಾಯಬೇಕಾಗುತ್ತದೆ. ನಾನು ಬರೀ ಸಾರು ಮಾಡಿದ್ದೆ!