ಮೊದಲ ಸಹಿ

ಹಾಳೆಯ ಕೆಳಗೆ ಸಹಿಗೆಂದು ಮೂರು ಗೆರೆ ಎಳೆದದ್ದೇ ತಪ್ಪಾಯಿತು. ಒಂದರ ಕೆಳಗೊಂದು ಎಳೆದದ್ದು ಇನ್ನೂ ದೊಡ್ಡ ತಪ್ಪು. ಪಕ್ಕಪಕ್ಕದಲ್ಲಿ ಎಳೆದಿದ್ದರೆ ಎಡಗಡೆಯದು ಯಾರಿಗೆ ಎಂದು ಜಗಳವಾಗುತ್ತಿತ್ತು, ಆ ಮಾತು ಬೇರೆ.

ಎಳೆದವನು ಕ್ರೀಡಾ ಕಚೇರಿಯ ಗುಮಾಸ್ತ. ನಾಲ್ಕು ವರ್ಷದಿಂದ ತಾತ್ಕಾಲಿಕ. ಮಗಳ ಶಾಲೆಯ ಡೈರಿಯಲ್ಲಿ ತಂದೆಯ ಉದ್ಯೋಗ ಎಂದಿರುವ ಕಡೆ ಅವನ ಹೆಂಡತಿ ಪ್ರತಿ ವರ್ಷ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದಳು, ಖಾಯಂ ಆದ ದಿನ ಅಳಿಸಿ ಪೆನ್ನಿನಲ್ಲಿ ಬರೆದರಾಯಿತು ಎಂದು. ಖಾಯಂ ಆದೇಶವೇನೋ ತಯಾರಾಗಿತ್ತು. ಒಂದು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಗಾಜಿನ ಪೇಪರ್‌ವೇಟಿನ ಕೆಳಗೆ ಮಲಗಿತ್ತು. ಗಾಜಿನೊಳಗಿಂದ ಅವನ ಹೆಸರು ದಪ್ಪವಾಗಿ, ಉಬ್ಬಿಕೊಂಡು ಕಾಣುತ್ತಿತ್ತು. ಸಹಿ ಮಾತ್ರ ಬಿದ್ದಿರಲಿಲ್ಲ.

"ಭಾನುವಾರ ಮಕ್ಕಳ ದೋಣಿ ಸ್ಪರ್ಧೆ," ಎಂದಿದ್ದರು ಸಾಹೇಬರು. "ಮೂರು ಕ್ಲಬ್ಬು, ಮೂರು ಕೋಚು, ಹನ್ನೊಂದು ವರ್ಷದ ತಕರಾರು. ನ್ಯಾಯವಾದ ಒಂದು ನಿಯಮ ಮಾಡಪ್ಪ. ಮೂವರ ಸಹಿನೂ ಒಂದೇ ಹಾಳೆ ಮೇಲಿರಬೇಕು. ಶುಕ್ರವಾರ ಐದೂವರೆ ಒಳಗೆ ತಂದುಕೊಟ್ರೆ ಈ ಪೇಪರ್‌ವೇಟ್ ಎತ್ತುತ್ತೀನಿ."

ಇವತ್ತು ಶುಕ್ರವಾರ.

ತಕರಾರು ಕೆರೆಯದ್ದು. ದೋಣಿ ಓಡಲು ಅಲ್ಲಿ ಮೂರು ದಾರಿ. ಒಂದಕ್ಕೆ ಪಂಪ್‌ಹೌಸಿನ ಗೋಡೆ ಮರೆ, ಗಾಳಿ ತಾಗದು. ನಡುವಿನದಕ್ಕೆ ಗಾಳಿ ನೇರ ಮುಖಕ್ಕೆ. ಮೂರನೆಯದರಲ್ಲಿ ಜೊಂಡು, ಹುಟ್ಟು ಹಾಕಿದರೆ ಅರ್ಧ ಕೆರೆಯೇ ಎದ್ದು ಬರುತ್ತದೆ. ಯಾರಿಗೆ ಯಾವ ದಾರಿ ಎಂದು ಚೀಟಿ ಎತ್ತುತ್ತಿದ್ದರು. ಗೋಡೆಯ ದಾರಿ ಬಂದವರು ಗೆಲ್ಲುತ್ತಿದ್ದರು. ಸೋತ ಇಬ್ಬರು ಚೀಟಿಗಳನ್ನು ಮನೆಗೆ ಒಯ್ದು ಮಡಿಕೆಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುತ್ತಿದ್ದರು.

ಗುಮಾಸ್ತ ಎರಡು ವಾರ ಊಟದ ಮೇಜಿನ ಮೇಲೆ ಸೀಸೆಯ ಮುಚ್ಚಳಗಳನ್ನು ಓಡಿಸಿ ಲೆಕ್ಕ ಹಾಕಿದ. ಕೊನೆಗೆ ಸಿಕ್ಕಿದ್ದು ಸರಳ ನಿಯಮ. ಮೂರು ಓಟ. ಪ್ರತಿ ತಂಡವೂ ಪ್ರತಿ ದಾರಿಯಲ್ಲಿ ಒಂದೊಂದು ಸಲ. ಮೂರೂ ಸಮಯ ಕೂಡಿಸುವುದು, ಕಡಿಮೆ ಬಂದವರು ಗೆದ್ದಂತೆ. ಗಾಳಿ ಏಳುವ ಮೊದಲೇ, ಬೆಳಿಗ್ಗೆ ಒಂಬತ್ತರೊಳಗೆ ಎಲ್ಲ ಮುಗಿಯಬೇಕು. ಇದರಲ್ಲಿ ಮೋಸ ಮಾಡು ಎಂದರೆ ಬರೆದ ತನಗೇ ಆಗುವುದಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು. ಆ ಹೆಮ್ಮೆ ಹತ್ತು ಗಂಟೆಯವರೆಗೆ ಬಾಳಿತು.

ಹತ್ತಕ್ಕೆ ಅವನು ಶಾಲೆಯ ಮೈದಾನದಲ್ಲಿದ್ದ. ಮೊದಲ ಕ್ಲಬ್ಬಿನ ಕೋಚು ಅಲ್ಲಿನ ಡ್ರಿಲ್ ಮೇಷ್ಟ್ರು. ಬಟ್ಟೆ ಉಜ್ಜುವ ಬ್ರಷ್ಷಿನಂಥ ಮೀಸೆ, ಕೊರಳಲ್ಲಿ ಸೀಟಿ. ಹಾಳೆಯನ್ನು ನಾಲ್ಕು ಸಲ ಓದಿದರು. ಐದನೆಯ ಸಲ ಬೆಳಕಿಗೆ ಹಿಡಿದು ನೋಡಿದರು.

"ಚೆನ್ನಾಗಿದೆ," ಎಂದರು. ಆಮೇಲೆ ಧ್ವನಿ ಇಳಿಸಿ, "ಯಾರಯ್ಯ ಹೇಳಿಕೊಟ್ಟಿದ್ದು?"

ತಾನೇ ಬರೆದದ್ದು ಎಂದು ಗುಮಾಸ್ತ ಹೇಳಿದ. ಮೇಷ್ಟ್ರು ನಕ್ಕರು. ಮೂರು ಓಟ ಅಂದರೆ ಮೂರನೆಯದರಲ್ಲಿ ಕಸುವು ಉಳಿಯುವುದು ಯಾರಿಗೆ, ಡಾಕ್ಟರಮ್ಮನ ಹುಡುಗರಿಗೆ. ಹಲ್ಲಿನ ಮಾತ್ರೆ ಅಂತ ಆಕೆ ಏನು ತಿನ್ನಿಸುತ್ತಾರೋ ಕಂಡವರ್ಯಾರು ಎಂದರು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಡಾಕ್ಟರಮ್ಮ ಮೊದಲು ಹಾಕ್ಲಿ. ಆಮೇಲೆ ನನ್ನ ಹತ್ರ ಬಾ."

ಡಾಕ್ಟರಮ್ಮ ಎರಡನೆಯ ಕ್ಲಬ್ಬಿನ ಕೋಚು, ಹಲ್ಲಿನ ವೈದ್ಯೆ. ಕ್ಲಿನಿಕ್ಕಿನಲ್ಲಿ ಕೂರಲು ಇದ್ದದ್ದು ಒಂದೇ ಖಾಲಿ ಕುರ್ಚಿ, ಅದು ರೋಗಿಗಳದ್ದು. ಗುಮಾಸ್ತ ಕೂತ. ಕೂತವನ ಬೆನ್ನ ಕೆಳಗೆ ಕುರ್ಚಿ ತಾನಾಗಿಯೇ ಮಲಗಿತು. ಕಣ್ಣಿಗೆ ದೀಪ ಬಿತ್ತು.

"ಬಾಯಿ ತೆಗೀರಿ. ಮೇಷ್ಟ್ರ ಹತ್ರ ಮೊದಲು ಹೋಗಿದ್ರಂತೆ?"

ಬಾಯೊಳಗೆ ಕನ್ನಡಿ ಇದ್ದಾಗ ಹೌದಕ್ಕೂ ಅಲ್ಲಕ್ಕೂ ಬರುವುದು ಒಂದೇ ಶಬ್ದ. ಅದನ್ನು ಆಕೆ ತಪ್ಪೊಪ್ಪಿಗೆ ಎಂದು ತೆಗೆದುಕೊಂಡರು. ಮೇಷ್ಟ್ರು ಚೆನ್ನಾಗಿದೆ ಅಂದರಾ? ಮತ್ತದೇ ಶಬ್ದ. ಹಾಗಾದರೆ ನನಗೆ ಚೆನ್ನಾಗಿರುವುದಿಲ್ಲ ಎಂದು ತೀರ್ಮಾನಿಸಿ ಆಕೆ ಒಂದೊಂದು ಹಲ್ಲಿಗೆ ಒಂದೊಂದು ಪ್ರಶ್ನೆಯಂತೆ ತಟ್ಟುತ್ತ ಹೋದರು. ಒಂಬತ್ತರೊಳಗೆ ಮುಗಿಸಬೇಕು ಎಂದವರು ಯಾರು? ತನ್ನ ಕ್ಲಬ್ಬಿನ ಮಕ್ಕಳು ಏಳುವುದು ತಡ ಎಂಬುದು ಊರಿಗೇ ಗೊತ್ತಿರುವಾಗ ಒಂಬತ್ತು ಎಂದು ಬರೆಸಿದ್ದು ಯಾರ ಬುದ್ಧಿ? ನಿಮಗೆ ನೋವು ಎಷ್ಟು ದಿನದಿಂದ?

ಇಲ್ಲದ ನೋವು ಆ ತಟ್ಟಿನಿಂದ ಶುರುವಾಯಿತು. ದವಡೆ ಹಲ್ಲು ಪೂರ್ತಿ ಕೊಳೆತಿದೆ, ಇವತ್ತೇ ತೆಗೆದುಬಿಡುವುದು ಒಳ್ಳೆಯದು ಎಂದರು. ಕೇಳುವುದಕ್ಕೆ ಮುಂಚೆಯೇ ಸೂಜಿ ಚುಚ್ಚಿಯಾಗಿತ್ತು.

ಹಲ್ಲನ್ನು ತಟ್ಟೆಗೆ ಹಾಕಿ ಆಕೆ ಅಂದದ್ದು ಇಷ್ಟು: "ಪಂಪ್‌ಹೌಸಿನವರು ಮೊದಲು ಸಹಿ ಹಾಕ್ಲಿ. ಹೇಗೂ ನಿಮ್ಮ ಸಂಬಂಧಿಕರಲ್ವಾ?"

ಹೋದದ್ದು ಸಹಿ ತರಲು. ಹಲ್ಲು ಬಿಟ್ಟು ಬಂದ.

ಮೂರನೆಯ ಕೋಚು ಪಂಪ್‌ಹೌಸಿನ ಪಕ್ಕದಲ್ಲಿ ದೋಣಿ ರಿಪೇರಿ ಮಾಡುವವರು, ಗುಮಾಸ್ತನ ಹೆಂಡತಿಗೆ ಸೋದರಮಾವ. ಈ ಸಂಬಂಧದಿಂದ ಆತನಿಗೆ ಏನೋ ಅನುಕೂಲವಿದೆ ಎಂದು ಮಿಕ್ಕಿಬ್ಬರಿಗೆ ಗುಮಾನಿ. ಈ ಸಂಬಂಧದಿಂದ ತನಗೆ ಏನೋ ಕೇಡು ಕಾದಿದೆ ಎಂದು ಮಾವನಿಗೆ ಗುಮಾನಿ. ಮದುವೆಯ ಫೋಟೋದಲ್ಲಿ ತನ್ನನ್ನು ಮೂರನೇ ಸಾಲಿಗೆ ನಿಲ್ಲಿಸಿದ್ದನ್ನು ಅವರು ಮರೆತಿರಲಿಲ್ಲ.

ಮಗುಚಿ ಹಾಕಿದ ದೋಣಿಗೆ ಅರಗು ಮೆತ್ತುತ್ತಿದ್ದ ಮಾವ ತಲೆ ಎತ್ತಿ ನೋಡಿದರು. ಅಳಿಯನ ಒಂದು ಕೆನ್ನೆ ಜೋತುಬಿದ್ದಿತ್ತು. ಮಾತು ತುಟಿಯ ಒಂದೇ ಬದಿಯಿಂದ ಸೋರುತ್ತಿತ್ತು. ಮೈಯಿಂದ ಸ್ಪಿರಿಟ್ಟಿನ ವಾಸನೆ.

"ಮಧ್ಯಾಹ್ನಕ್ಕೇ ಶುರು ಮಾಡ್ಕೊಂಡ್ರಾ ಅಳಿಯಂದ್ರೇ?" ಎಂದರು ಮಾವ, ಮತ್ತು ಉತ್ತರಕ್ಕೆ ಕಾಯದೆ ಸೊಸೆಗೆ ಫೋನ್ ಮಾಡಿದರು. ಅವಳು ಗಂಡನಿಗೆ ಫೋನ್ ಮಾಡಿದಳು. ಗಂಡ ಹಲ್ಲು ಕೀಳಿಸಿಕೊಂಡೆ ಎಂದ. ಸಹಿಗೆ ಹೋದವರು ಯಾಕೆ ಹಲ್ಲು ಕೀಳಿಸಿಕೊಳ್ಳುತ್ತಾರೆ, ಆ ಡಾಕ್ಟರಮ್ಮನಿಗೆ ವಯಸ್ಸೆಷ್ಟು ಎಂದು ಅವಳು ಕೇಳಿದಳು. ಫೋನಿನ ಚಾರ್ಜು ಅಲ್ಲಿಗೆ ಮುಗಿದದ್ದೇ ಆ ದಿನ ಅವನಿಗಾದ ಒಂದು ಉಪಕಾರ.

ಮಾವ ಹಾಳೆಯನ್ನು ದೂರ ಹಿಡಿದು ಓದಿದರು. ಮೂರು ಸಮಯ ಕೂಡುವವರು ಯಾರು? ಮೇಷ್ಟ್ರು ತಾನೆ? ಡ್ರಿಲ್ ಮೇಷ್ಟ್ರಾದರೂ ಮೇಷ್ಟ್ರೇ. ಕೂಡೋದು ಕಳೆಯೋದು ಅವರ ಕಸುಬು. ಅದೂ ಅಲ್ಲದೆ ಪಂಪ್‌ಹೌಸಿನ ಗೋಡೆ ತಲೆತಲಾಂತರದಿಂದ ತನ್ನ ಶೆಡ್ಡಿಗೆ ಒರಗಿಕೊಂಡದ್ದು. ಆ ದಾರಿಯಲ್ಲಿ ಎಲ್ಲರನ್ನೂ ಓಡಿಸಿ ಎಂದು ಮನೆಯ ಅಳಿಯನೇ ಬರೆಯುವುದೇ?

"ನಾನು ಮೊದಲು ಸಹಿ ಹಾಕಿದ್ರೆ ಅಳಿಯನ ಕೈಲಿ ಬರೆಸ್ಕೊಂಡ ಅಂತಾರೆ. ಅವರು ಹಾಕ್ಲಿ, ಕೊನೇಲಿ ನೋಡ್ತೀನಿ."

ಗುಮಾಸ್ತ ಮಗುಚಿದ ದೋಣಿಯ ಮೇಲೆ ಕೂತುಬಿಟ್ಟ. ಅರಗು ಹಸಿಯಾಗಿತ್ತು, ಅದು ಅವನಿಗೆ ಆಮೇಲೆ ಗೊತ್ತಾಗಲಿತ್ತು. ಗಂಟೆ ಎರಡೂಮುಕ್ಕಾಲು. ಮಗಳ ಡೈರಿ, ಪೆನ್ಸಿಲ್ ಅಕ್ಷರ, ಗಾಜಿನ ಕೆಳಗೆ ಉಬ್ಬಿದ ಹೆಸರು ಎಲ್ಲ ಕಣ್ಣ ಮುಂದೆ ಬಂತು.

ಮಾವ ಮತ್ತೆ ಅರಗಿಗೆ ಕೈ ಹಾಕುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ಆ ಮೀಸೆ ಏನಂದ? ಕುಣೀತಾ ಒಪ್ಕೊಂಡ್ನಾ?"

ಗುಮಾಸ್ತನಿಗೆ ಮಾತಾಡುವ ಚೈತನ್ಯವಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದ.

ಮಾವನ ಕೈ ನಿಂತಿತು. "ಬೇಡ ಅಂದ್ನಾ? ಡಾಕ್ಟರಮ್ಮ?"

ಮತ್ತೆ ತಲೆಯಾಡಿಸಿದ. ಕೆನ್ನೆ ಮುಟ್ಟಿ ತೋರಿಸಿದ, ಆಕೆ ಎಷ್ಟರಮಟ್ಟಿಗೆ ಬೇಡ ಅಂದರು ಎನ್ನುವುದಕ್ಕೆ.

"ಇಬ್ರಿಗೂ ಬೇಡವಾ?" ಮಾವ ಅರಗಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಮೊದಲೇ ಹೇಳಬಾರದಾ ಮಾರಾಯ್ರೇ. ಹಾಳೆ ಕೊಡಿ ಇಲ್ಲಿ."

ಕೊನೆಯ ಗೆರೆಯ ಮೇಲೆ ಸಹಿ ಬಿತ್ತು. ಮಾವ ಕ್ಲಬ್ಬಿನ ಮುದ್ರೆಯನ್ನೂ ಒತ್ತಿದರು.

ಗುಮಾಸ್ತನ ತಲೆಯೊಳಗೆ ದೀಪ ಹತ್ತಿತು. ಇಷ್ಟು ದಿನ ಅವನು ನಿಯಮ ನ್ಯಾಯವಾಗಿದೆ ಎಂದು ಮನವರಿಕೆ ಮಾಡುತ್ತಿದ್ದ. ಅದು ಯಾರಿಗೂ ಬೇಕಿರಲಿಲ್ಲ. ಮಿಕ್ಕಿಬ್ಬರ ಹೊಟ್ಟೆ ಉರಿಯುತ್ತದೆ ಎಂದು ಗೊತ್ತಾದರೆ ಸಾಕಿತ್ತು. ಶೆಡ್ಡಿನಿಂದ ಹೊರಗೆ ಬಂದವನೇ ಹಾಳೆಯ ಕೆಳಗಿನ ಅಂಚನ್ನು ಹಿಂದಕ್ಕೆ ಮಡಚಿ ಉಗುರಿನಿಂದ ತೀಡಿದ. ಮಾವನ ಸಹಿ ಬೆನ್ನಿಗೆ ಹೋಯಿತು. ಮುಂದೆ ಎರಡೇ ಗೆರೆ.

ಡಾಕ್ಟರಮ್ಮನಿಗೆ ಅವನು ಹೇಳಿದ್ದು ಸಹಿ ಬೀಳುವ ಮುಂಚಿನ ನಿಜ: ಮೇಷ್ಟ್ರೂ ಸಹಿ ಹಾಕಲಿಲ್ಲ, ಮಾವನೂ ತಮ್ಮ ಗೋಡೆಯ ದಾರಿ ಹೋಯಿತೆಂದು ಗೋಳಾಡಿದರು. ಆಕೆ ಗ್ಲೌಸು ಕಳಚಿದರು. ಮಾವನಿಗೆ ಅಷ್ಟು ನೋವಾಯಿತೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಎರಡು ಗೆರೆಯಲ್ಲಿ ಕೆಳಗಿನದರ ಮೇಲೆ ಸಹಿ ಮಾಡಿ, ಎರಡು ದಿನ ಬಿಸಿ ಪದಾರ್ಥ ತಿನ್ನಬೇಡಿ ಎಂದರು.

ಮೆಟ್ಟಿಲು ಇಳಿಯುತ್ತ ಎರಡನೆಯ ಮಡಿಕೆ. ಮೇಷ್ಟ್ರ ಮುಂದೆ ಹಾಳೆ ಹಿಡಿದಾಗ ಉಳಿದಿದ್ದದ್ದು ಒಂದೇ ಗೆರೆ. ಅವರು ಅದನ್ನು ಗಮನಿಸದೆ ಬಿಡುವವರಲ್ಲ.

"ಮಿಕ್ಕವರ ಜಾಗ ಎಲ್ಲಯ್ಯ?"

"ಬೇಡ ಅಂತ ಅಷ್ಟು ಹಟ ಮಾಡಿದ ಮೇಲೆ ಅವರಿಗ್ಯಾಕೆ ಜಾಗ ಸಾರ್," ಎಂದ ಗುಮಾಸ್ತ, ಅರ್ಧ ಬಾಯಿಯಲ್ಲಿ.

ಮೇಷ್ಟ್ರ ಮೀಸೆ ಎರಡೂ ಕಡೆ ಎದ್ದಿತು. ಸಹಿ ಮಾಡಿದರು, ದಿನಾಂಕ ಹಾಕಿದರು, ಗಂಟೆಯನ್ನೂ ಬರೆದರು: ನಾಲ್ಕು ಹದಿನೈದು. ಖುಷಿಗೆ ಒಮ್ಮೆ ಸೀಟಿ ಊದಿದರು. ಮೈದಾನದಲ್ಲಿದ್ದ ಅರವತ್ತು ಮಕ್ಕಳು ಏನು ಮಾಡಬೇಕೆಂದು ತಿಳಿಯದೆ ಕೂತುಬಿಟ್ಟರು.

ನಾಲ್ಕೂಮುಕ್ಕಾಲಿಗೆ ಗುಮಾಸ್ತ ಹಾಳೆಯನ್ನು ಬಿಡಿಸಿ ಸಾಹೇಬರ ಮೇಜಿನ ಮೇಲಿಟ್ಟ. ಹಲ್ಲಿಲ್ಲ, ಮಾತು ಸರಿಯಿಲ್ಲ, ಪ್ಯಾಂಟಿನ ಹಿಂಭಾಗದಲ್ಲಿ ದೋಣಿಯ ಅರಗು. ಆದರೂ ಮದುಮಗನಂತೆ ನಿಂತಿದ್ದ.

ಸಾಹೇಬರು ಮೂರು ಸಹಿ ನೋಡಿದರು. ಪೇಪರ್‌ವೇಟಿನ ಕಡೆ ಕೈ ಚಾಚಿದರು. ಕೈ ಅರ್ಧ ದಾರಿಯಲ್ಲಿ ನಿಂತಿತು. ಹಾಳೆಯ ಮಡಿಕೆಗಳ ಮೇಲೆ ಬೆರಳಾಡಿಸಿದರು, ಒಂದು, ಎರಡು.

"ಬಾಗಿಲು ಹಾಕು," ಎಂದರು. ಆಮೇಲೆ ಮೆಲ್ಲಗೆ, "ಹನ್ನೊಂದು ವರ್ಷದಿಂದ ಈ ಮೂವರು ಒಂದು ಹಾಜರಿ ಪುಸ್ತಕಕ್ಕೂ ಒಟ್ಟಿಗೆ ಸಹಿ ಹಾಕಿಲ್ಲ. ನಿನಗೆ ಒಂದೇ ದಿನದಲ್ಲಿ ಹಾಕಿಕೊಟ್ರಾ? ನಿಜ ಹೇಳು. ಏನು ಕೊಟ್ಟೆ?"

"ಒಂದು ಹಲ್ಲು ಕೊಟ್ಟೆ ಸಾರ್."

ಸಾಹೇಬರಿಗೆ ಇದು ಉದ್ಧಟತನವಾಗಿ ಕಂಡಿತು. ಮೂವರಿಗೂ ಫೋನ್ ಹೋಯಿತು. ಐದು ಗಂಟೆಗೆ ಮೂವರೂ ಮೇಜಿನ ಸುತ್ತ ನಿಂತು ಆ ಹಾಳೆಯನ್ನು, ಅದಕ್ಕಿಂತ ಹೆಚ್ಚಾಗಿ ಪರಸ್ಪರರ ಸಹಿಯನ್ನು ನೋಡುತ್ತಿದ್ದರು. ಅವರು ಒಪ್ಪಿದ್ದಾರೆಂದರೆ ತಾನು ಒಪ್ಪುವುದು ಹೇಗೆ ಎಂದರು ಮೇಷ್ಟ್ರು. ಅದೇ ಮಾತನ್ನು ಡಾಕ್ಟರಮ್ಮ ಬೇರೆ ಪದಗಳಲ್ಲಿ ಹೇಳಿದರು. ಮಾವ ಅಳಿಯನ ಪ್ಯಾಂಟಿಗಂಟಿದ ಅರಗನ್ನೇ ನೋಡುತ್ತಿದ್ದರು. ಅದೂ ತಮ್ಮದೇ ಅರಗು.

ನಿಯಮ ರದ್ದಾಯಿತು. ಭಾನುವಾರ ಎಂದಿನಂತೆ ಚೀಟಿ ಎತ್ತುವುದೆಂದಾಯಿತು. ಇನ್ನು ಉಳಿದದ್ದು ಗುಮಾಸ್ತನ ವಿಚಾರ. ಸಾಹೇಬರು ಖಾಯಂ ಆದೇಶವನ್ನು ಪೇಪರ್‌ವೇಟಿನ ಕೆಳಗಿಂದ ಎಳೆದು ಡ್ರಾಯರಿಗೆ ಹಾಕಿದರು.

"ವಿಚಾರಣೆ ಆಗಲೇಬೇಕು. ಮೂವರ ಸಮಿತಿ, ನೀವೇ ಮೂವರು," ಎಂದು ಕೋಚುಗಳಿಗೆ ಹೇಳಿ, ಗುಮಾಸ್ತನ ಕಡೆ ತಿರುಗಿದರು. "ವಿಚಾರಣೆ ಹೇಗೆ ನಡೀಬೇಕು ಅಂತ ಒಂದು ನಿಯಮ ಬರಿ. ನ್ಯಾಯವಾಗಿರಲಿ. ಮೂವರೂ ಒಪ್ಪಬೇಕು."

ಬರೆಯಲು ಅವನೊಬ್ಬನೇ ಇದ್ದದ್ದು. ಬರೆದ. ಕೆಳಗೆ ಅಭ್ಯಾಸಬಲದಿಂದ ಮೂರು ಗೆರೆ ಎಳೆದ, ಒಂದರ ಕೆಳಗೊಂದು. ಎಳೆದ ಮೇಲೆ ಸಣ್ಣ ಆಸೆಯೊಂದು ಮೂಡಿತು. ಈ ಜನ ಸಹಿ ಹಾಕಬೇಕಾದರೆ ಇನ್ನು ಹನ್ನೊಂದು ವರ್ಷ ಬೇಕು; ಅಷ್ಟರಲ್ಲಿ ಸಾಹೇಬರಿಗೆ ನಿವೃತ್ತಿಯಾಗುತ್ತದೆ.

ಹಾಳೆಯನ್ನು ಮೇಜಿನ ಮೇಲಿಟ್ಟ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಡಾಕ್ಟರಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ. ಓದಿದಂತೆಯೂ ಕಾಣಲಿಲ್ಲ.

"ನಮ್ಮ ಅಳಿಯಂದ್ರಲ್ವಾ," ಎಂದು ಮಾವ ಕೈ ಮುಂದೆ ಮಾಡಿದರು. "ನಾನೇ ಮೊದಲು ಹಾಕ್ತೀನಿ."

ಒಂದೇ ಪೆನ್ನು ಮೂರು ಕೈ ದಾಟಿತು. ಸಾಹೇಬರು ಗಡಿಯಾರ ನೋಡಿದರು. ಐದು ಇಪ್ಪತ್ತೆಂಟು. ಒಂದೇ ಹಾಳೆ, ಮೂರು ಸಹಿ, ಹೇಳಿದ ಹೊತ್ತಿನೊಳಗೆ.