ಮನಸ್ಸು ನಿಲ್ಲಿಸುವ ಕಷಾಯ ಮತ್ತು ಒಂದು ಸ್ಟೂಲು

ಚೀನೀ ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಬೇರು ಕುಟ್ಟಿದವನ ಮುಂದೆ ಇಂಥವು ನಡೆಯದೆ ಇನ್ನೆಲ್ಲಿ ನಡೆಯಬೇಕು? ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಒಂದಲ್ಲ ಒಂದು ಒಳಗೆ ಬಂದು ಕೂರುತ್ತದೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದೇ ತಲೆ ನರೆತ ಮೇಲೆ. ಆದರೆ ಪರದೇಶದಲ್ಲಿ ನಮ್ಮವರ ಪೇಟೆಯಾದ ಲಿಟಲ್ ಇಂಡಿಯಾ ಪಕ್ಕದ ಆ ಅಂಗಡಿಯ ಗೋಡೆ ತುಂಬ ಇರುವ ಡ್ರಾಯರುಗಳಲ್ಲಿ ಯಾವುದರಲ್ಲಿ ಯಾವ ಬೇರಿದೆ ಅಂತ ಕಣ್ಣು ಮುಚ್ಚಿಕೊಂಡು ಮೂಗಿನಿಂದಲೇ ಹೇಳಬಲ್ಲೆ. ಒಮ್ಮೆ ನೆಗಡಿಯಾಗಿದ್ದಾಗಲೂ ಹೇಳಿದ್ದೇನೆ. ಅಲ್ಲಿ ವೈದ್ಯರಿಗೆ ಸಿನ್ಸೆ ಅನ್ನುತ್ತಾರೆ. ನಮ್ಮ ಸಿನ್ಸೆಗೆ ಬರುವುದು ಹೊಕ್ಕಿಯೆನ್ ಅನ್ನುವ ಚೀನೀ ಮಾತು, ಇಂಗ್ಲಿಷ್ ನಾಲ್ಕೇ ಪದ. ನಮ್ಮವರು ಯಾರೇ ಬಂದರೂ ದುಭಾಷಿ ನಾನೇ.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು, ಮೈಸೂರಿನ ಹುಡುಗಿಯೊಬ್ಬಳು ಬಂದಳು. ರಾಫೆಲ್ಸ್ ಪ್ಲೇಸಿನಲ್ಲಿ ಕಂಪ್ಯೂಟರ್ ಕೆಲಸ. ಒಬ್ಬ ಗಿರಾಕಿಯ ಕಾಗದವನ್ನು ಇನ್ನೊಬ್ಬನಿಗೆ ಕಳಿಸಿಬಿಟ್ಟಿದ್ದಳು, ಅದೂ ಎರಡು ಸಲ.

"ಕಾನ್ಸಂಟ್ರೇಶನ್ನೇ ಇಲ್ಲ ಅಂಕಲ್. ಬಾಸ್ ಆರು ವಾರ ಟೈಮ್ ಕೊಟ್ಟಿದ್ದಾರೆ. ಇನ್ನೊಂದು ಮಿಸ್ಟೇಕ್ ಆದ್ರೆ ಕೆಲಸ ಹೋಯ್ತು, ವರ್ಕ್ ಪಾಸೂ ಹೋಯ್ತು, ಬ್ಯಾಗ್ ಪ್ಯಾಕ್ ಮಾಡ್ಬೇಕು."

ಕಣ್ಣಲ್ಲಿ ನೀರಿತ್ತು. ನಗುವ ವಿಷಯವಲ್ಲ.

೧. ಹಳದಿ ನಾಲಿಗೆ

ಸಿನ್ಸೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ಕೂತರು. ಆಮೇಲೆ ಹೇಳಿದರು, ನಾನು ಕನ್ನಡಕ್ಕಿಳಿಸಿದೆ: "ಮನಸ್ಸಿಗೆ ಮನೆ ಎದೆ. ಅತಿಯಾಗಿ ಯೋಚಿಸಿದರೆ ಗುಲ್ಮ ಸೋಲುತ್ತದೆ. ಅದು ಸೋತರೆ ರಕ್ತ ಸಾಲದು. ರಕ್ತ ಸಾಲದ ಎದೆಯಲ್ಲಿ ಮನಸ್ಸು ನಿಲ್ಲುವುದಿಲ್ಲ."

"ಅಂದ್ರೆ ನನ್ನ ಮನಸ್ಸು ಮನೆ ಖಾಲಿ ಮಾಡಿದೆಯಾ ಅಂಕಲ್?"

"ಖಾಲಿ ಮಾಡಿಲ್ಲಮ್ಮ. ಬಾಗಿಲು ತೆಗೆದಿಟ್ಟು ಬೀದಿ ತಿರುಗಲು ಹೋಗಿದೆ."

ನಾಲಿಗೆ ತೋರಿಸು ಅಂದರು. ಹಿರಿಯರೆದುರು ನಾಲಿಗೆ ಚಾಚುವುದು ಹೇಗೆ ಅಂತ ಹುಡುಗಿಗೆ ಸಂಕೋಚ. ಕೈ ಅಡ್ಡ ಹಿಡಿದು ತುದಿ ಮಾತ್ರ ತೋರಿಸಿದಳು. ಕೈ ತೆಗೆಸಿ ನೋಡಿದರೆ ದಟ್ಟ ಹಳದಿ. ಸಿನ್ಸೆ ಮುಖ ಗಂಭೀರವಾಯಿತು. ಕಫ, ಉಷ್ಣ, ಬುದ್ಧಿಗೆ ಮಂಜು ಕವಿದಿದೆ ಅಂತ ಚೀಟಿ ತುಂಬ ಬರೆದರು. ನಾನು ಮೂಗು ಮುಂದೆ ಮಾಡಿದೆ.

"ಮಧ್ಯಾಹ್ನ ಏನು ತಿಂದೆ ತಾಯಿ?"

"ಬಿಸಿಬೇಳೆಬಾತ್, ಅಂಕಲ್."

ಸಿನ್ಸೆ ಬರೆದದ್ದರಲ್ಲಿ ಅರ್ಧ ಹೊಡೆದುಹಾಕಿದರು. ಅರಿಶಿನಕ್ಕೆ ಅವರ ಹತ್ತಿರ ಔಷಧಿ ಇರಲಿಲ್ಲ.

೨. ಹೊಂಗ್

ಅವರು ಏನು ಕೇಳಿದರೂ ಈ ಹುಡುಗಿ ನಮ್ಮ ಪದ್ಧತಿಯಂತೆ ತಲೆ ಆ ಕಡೆ ಈ ಕಡೆ ತೂಗುತ್ತಿದ್ದಳು, ಹೌದು ಅಂತ. ಸಿನ್ಸೆ ಅದನ್ನೇ ನೋಡಿ ನೋಡಿ "ಹೊಂಗ್" ಅಂದರು. ಹೊಂಗ್ ಅಂದರೆ ಗಾಳಿ. ಮೈಯೊಳಗೆ ಗಾಳಿ ಎದ್ದರೆ ತಲೆ ಅಲ್ಲಾಡುತ್ತದೆ ಅನ್ನುವುದು ಅವರ ಶಾಸ್ತ್ರ. ನಾನು ಒಂದಕ್ಷರ ಬಿಡದೆ ಹೇಳಿದೆ:

"ನಿನಗೆ ಗಾಳಿ ಹಿಡಿದಿದೆಯಂತಮ್ಮ."

ಹುಡುಗಿ ಬಿಳಿಚಿಕೊಂಡಳು. "ಗಾಳಿನಾ? ಯಾರದು ಅಂಕಲ್?"

ನನಗೆ ಹೊಳೆಯುವಷ್ಟರಲ್ಲಿ ಚೀಟಿ ಬಿಟ್ಟು ಓಡಿದ್ದಳು. ಇಡೀ ವಾರ ಪತ್ತೆಯಿಲ್ಲ. ಎಂಟನೆಯ ದಿನ ಬಂದಾಗ ಕೊರಳಲ್ಲಿ ತಾಯಿತ, ಬ್ಯಾಗಿನಲ್ಲಿ ನಿಂಬೆಹಣ್ಣು. ಮೈಸೂರಿನಿಂದ ಅವಳಮ್ಮ ಫೋನಿನಲ್ಲೇ ದೃಷ್ಟಿ ತೆಗೆದಿದ್ದರಂತೆ. ಆರು ವಾರದಲ್ಲಿ ಒಂದು ವಾರ ನನ್ನ ನಾಲಿಗೆಗೆ ಬಲಿಯಾಯಿತು. ನನ್ನ ಹೊಕ್ಕಿಯೆನ್‌ನಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಕನ್ನಡದಲ್ಲಿ. ಅದು ಈಗಲೂ ಚುಚ್ಚುತ್ತದೆ.

ದೆವ್ವವಲ್ಲಮ್ಮ, ಮೈಯೊಳಗಿನ ಗಾಳಿ ಅಂತ ಅವಳಿಗೆ ತಿಳಿಹೇಳಿದೆ. ಸಿನ್ಸೆಗೂ ಬಿಡಿಸಿ ಹೇಳಿದೆ: ಇದು ಕಾಯಿಲೆಯಲ್ಲ, ನಮ್ಮ ಕಡೆ ಎಲ್ಲರೂ ಹೀಗೇ ತಲೆ ತೂಗುತ್ತೇವೆ, ನೋಡಿ, ನಾನೂ.

ಅವರು ನಿಟ್ಟುಸಿರು ಬಿಟ್ಟರು. "ನಿನ್ನದು ವಾಸಿಯಾಗದ ಕಾಯಿಲೆ ಅಂದುಕೊಂಡಿದ್ದೆ. ಮನಸ್ಸಿಗೆ ನೋವಾಗಬಾರದು ಅಂತ ಮೂವತ್ತು ವರ್ಷ ಕೇಳಲಿಲ್ಲ."

೩. ಗುಟ್ಟಿನ ಬೇರು

ಔಷಧಿ ಕಟ್ಟಿದೆ. ಎದೆಗೆ, ಗುಲ್ಮಕ್ಕೆ ಬಲ ಕೊಡುವ ಒಣಗಿದ ಹಣ್ಣು, ಬೀಜ, ಕೊನೆಗೆ ಬುದ್ಧಿಯ ಮಂಜು ಸರಿಸುವ ಒಂದು ಬೇರು. ಸುಮ್ಮನೆ ಕೊಟ್ಟರೆ ಬೆಲೆಯಿರುವುದಿಲ್ಲ ಅಂತ ಹೇಳಿದೆ: "ಇದು ಚೀನಾದ ಎತ್ತರದ ಬೆಟ್ಟದ್ದು. ಕೀಳುವವನು ಉಸಿರು ಬಿಗಿಹಿಡಿದು ಕೀಳಬೇಕು. ಉಸಿರು ಬಿಟ್ಟರೆ ಬೇರು ಒಂದು ಮಾರು ಆಳಕ್ಕೆ ಓಡಿಹೋಗುತ್ತದೆ. ಹಾಗೆ ಓಡಿದ್ದನ್ನು ನಾನೇ ಹಿಡಿದಿದ್ದೇನೆ."

ಹುಡುಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಅಂಕಲ್, ಇದು ಬಜೆ ತರಾನೇ ಇದೆ. ಮಾತು ಬರಲಿ ಅಂತ ಅಜ್ಜಿ ತೇಯ್ದು ನೆಕ್ಕಿಸ್ತಿದ್ರಲ್ಲ, ಅದೇ."

ಬಜೆಯ ದಾಯಾದಿಯೇ. ನನಗೆ ಮೊದಲಿಂದ ಗೊತ್ತಿತ್ತು. ಓಡಿದ ಬೇರು ಮೈಸೂರಿನವರೆಗೂ ಬಂದಿರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

೪. ಸ್ಟೂಲು

ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯುವಷ್ಟು ಸಣ್ಣ ಉರಿಯಲ್ಲಿ ಕುದಿಸು ಅಂತ ಕಳಿಸಿದೆವು. ಎರಡನೆಯ ದಿನವೇ ತಳ ಸುಟ್ಟ ಪಾತ್ರೆ ಹಿಡಿದು ಬಂದಳು.

"ಒಲೆ ಮೇಲಿಟ್ಟು ಫೋನ್ ನೋಡ್ತಾ ಕೂತೆ ಅಂಕಲ್. ಕಾಂಡೋ ಬಿಲ್ಡಿಂಗ್ ತುಂಬ ಹೊಗೆ. ಅಲಾರಂ ಹೊಡ್ಕೊಂಡು ಎಲ್ಲರೂ ಕೆಳಗೆ ಓಡಿದ್ರು. ಕಾನ್ಸಂಟ್ರೇಶನ್ ಇದ್ದಿದ್ರೆ ಕಷಾಯ ಮಾಡ್ತಿದ್ದೆ. ಕಷಾಯ ಮಾಡೋಕಾದ್ರೆ ಕಷಾಯ ಯಾಕೆ ಬೇಕಿತ್ತು?"

ಸಿನ್ಸೆ ನಗಲಿಲ್ಲ. ಹಿತ್ತಿಲ ಒಲೆಯ ಮುಂದೆ ಒಂದು ಸ್ಟೂಲು ಹಾಕಿದರು. ಆಫೀಸು ಮುಗಿಸಿ ಬಾ, ಫೋನು ಡ್ರಾಯರಿನಲ್ಲಿಡು, ಮಡಕೆ ನೋಡು, ಅಷ್ಟೇ.

ಮೊದಲ ಸಂಜೆ ಹತ್ತು ನಿಮಿಷಕ್ಕೆ ಹನ್ನೆರಡು ಸಲ ಎದ್ದಳು. ಆಮೇಲೆ ಎಂಟು ಸಲ. ನಾಲ್ಕನೆಯ ವಾರಕ್ಕೆ ನಾನು ಪಕ್ಕದಲ್ಲಿ ಎಂಥೆಂಥ ಕಥೆ ಹೇಳಿದರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಕಥೆಗೆ ತಿರುಗದವರು ಈ ಊರಲ್ಲೇ ಇಲ್ಲ. ಹುಡುಗಿ ವಾಸಿಯಾಗುತ್ತಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಕಷಾಯದಿಂದಲೋ ಸ್ಟೂಲಿನಿಂದಲೋ ಅಂತ ಸಿನ್ಸೆಯನ್ನು ಕೇಳಿದೆ. ಅವರು ತಲೆ ಆ ಕಡೆ ಈ ಕಡೆ ತೂಗಿದರು.

ಬಾಸ್ ಕರೆದ ದಿನ ನಾನೇ ಮಡಕೆ ಏರಿಸಿ ಕಾದೆ. ಸಂಜೆ ಆರಕ್ಕೆ ಬಂದಳು. ಬಾಗಿಲಲ್ಲೇ ನಿಂತಳು.

"ಉಳ್ಕೊಂಡೆ ಅಂಕಲ್! ಪಾಸೂ ರಿನ್ಯೂ ಆಗತ್ತೆ!"

ಕೂರಿಸಿದೆ. ಬಾಸ್ ಏನಂದ, ನೀನೇನಂದೆ, ಆಗ ಅವನ ಮುಖ ಹೇಗಿತ್ತು, ಎಲ್ಲವನ್ನೂ ಎರಡೆರಡು ಸಲ ಹೇಳಿಸಿದೆ. ಮೂರನೆಯ ಸಲ ನಾನೇ ಅವಳಿಗೆ ಹೇಳಿದೆ, ಅವಳು ಹೇಳಿದ್ದಕ್ಕಿಂತ ಚೆನ್ನಾಗಿ. ಬಾಸ್ ಎದ್ದು ನಿಂತು ಕೈಮುಗಿದ ಅನ್ನುವಲ್ಲಿಗೆ ಬರುವಷ್ಟರಲ್ಲಿ ಅಂಗಡಿ ತುಂಬ ಹೊಗೆ.

ಮೂವತ್ತು ವರ್ಷದಲ್ಲಿ ನಾನು ಸುಟ್ಟ ಮೊದಲ ಮಡಕೆ.

ಸಿನ್ಸೆ ಕೆಮ್ಮುತ್ತಾ ಬಂದರು. ಮಡಕೆ ನೋಡಿದರು, ನನ್ನನ್ನು ನೋಡಿದರು. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ನಾಲಿಗೆ ಚಾಚು ಅಂತ ಸನ್ನೆ ಮಾಡಿದರು.

ಕೂತೆ. ಚಾಚಿದೆ. ಹುಡುಗಿ ಬ್ಯಾಗಿನಿಂದ ಒಣಗಿದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟು, ಬಹಳ ಮೆತ್ತಗೆ ಕೇಳಿದಳು:

"ಯಾರದು ಅಂಕಲ್?"